ಅಪ್‌ಡೇಟ್: ಚಿಕ್ಕಮ್ಮನ ಮೂತ್ರಪಿಂಡ ತಮ್ಮನಿಗೆ ಕಸಿಯಾಯಿತು

ಶ್ರೀನಿವಾಸಪುರದಲ್ಲಿರುವ ನನ್ನ ತಮ್ಮನಿಗೆ ಚಿಕ್ಕಮ್ಮ ಮೂತ್ರಪಿಂಡ ಕೊಡಬಹುದೇ ಎಂದು ಹಿಂದೆ ಕೇಳಿದ್ದೆ. ಕೊಡಬಹುದು, ಕೊಟ್ಟರು. 1994ರ ಮಾನವ ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಿ ತಂದ ತಿದ್ದುಪಡಿಯು ಅಜ್ಜ, ಅಜ್ಜಿ, ಮೊಮ್ಮಕ್ಕಳನ್ನು ಹತ್ತಿರದ ಸಂಬಂಧಿಗಳ ಪಟ್ಟಿಗೆ ಸೇರಿಸಿದರೂ ಚಿಕ್ಕಮ್ಮನನ್ನು ಸೇರಿಸಿಲ್ಲವಾದ್ದರಿಂದ (ನಮ್ಮ ಕಡೆ ಚಿಕ್ಕಮ್ಮನೆಂದರೆ ತಾಯಿಯೇ, ಕಾನೂನಿಗೆ ಅದು ಗೊತ್ತಿಲ್ಲ), ಹಣದ ವ್ಯವಹಾರವಿಲ್ಲವೆಂದು ಅನುಮತಿ ಸಮಿತಿಯ ಮುಂದೆ ಇಬ್ಬರೂ ಹೇಳಿಕೆ ಕೊಡಬೇಕಾಯಿತು. ಹೊಸ ಮೂತ್ರಪಿಂಡವನ್ನು ಕೆಳಹೊಟ್ಟೆಯಲ್ಲಿ ಜೋಡಿಸಿದ್ದಾರೆ. ಹಳೆಯವೆರಡೂ ಒಳಗೇ ಇವೆ. ಡಯಾಲಿಸಿಸ್ ನಿಂತಿದೆ, ಅಳೆದು ಕುಡಿಯುತ್ತಿದ್ದ ನೀರನ್ನು ಈಗ ಚೊಂಬಿನಲ್ಲೇ ಕುಡಿಯುತ್ತಾನೆ. ದೇಹವು ಹೊಸ ಅಂಗವನ್ನು ತಿರಸ್ಕರಿಸದಂತೆ ಟ್ಯಾಕ್ರೋಲಿಮಸ್ ಮೊದಲಾದ ಮಾತ್ರೆಗಳನ್ನು ಹೊತ್ತು ತಪ್ಪದೆ ನುಂಗಬೇಕಾಗಿದ್ದು, ಅವು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದರಿಂದ ಮಾವಿನ ಮಂಡಿಯ ಜನಜಂಗುಳಿಗೆ ಸದ್ಯ ಹೋಗಬಾರದೆಂದು ವೈದ್ಯರು ತಿಳಿಸಿದ್ದಾರೆ. ಚಿಕ್ಕಮ್ಮ ಆಗಲೇ ಡೈರಿಗೆ ಹಾಲು ಹಾಕಲು ಹೋಗುತ್ತಿದ್ದಾರೆ. ಅವರು ವರ್ಷಕ್ಕೊಮ್ಮೆ ರಕ್ತದೊತ್ತಡ, ರಕ್ತ ಮತ್ತು ಮೂತ್ರದ ತಪಾಸಣೆ ಮಾಡಿಸಿಕೊಳ್ಳಬೇಕಂತೆ.