ತೇಜಸ್ವಿ ಆದಮೇಲೆ ಏನು ಓದಲಿ? ನಮ್ಮ ಬಳಗದ ಅನುಭವ

ಕೊಳ್ಳೇಗಾಲ ಕಡೆಯವರು, ಈಗ ಪುಣೆಯಲ್ಲಿ ಕೆಲಸ ಮಾಡುವವರೊಬ್ಬರು ಕೇಳಿದ್ದಾರೆ: "ಕುವೆಂಪು, ಕಾರಂತ, ತೇಜಸ್ವಿ ಓದಿದ್ದೇನೆ. ಅಲ್ಲಿಗೇ ನಿಂತುಬಿಟ್ಟಿದೆ. ಈಗ ಬರೆಯುತ್ತಿರುವವರನ್ನು ಓದಬೇಕು ಅಂತ ಪುಸ್ತಕ ತರುತ್ತೇನೆ, ಇಪ್ಪತ್ತು ಪುಟ ದಾಟುವುದಿಲ್ಲ. ಕವನವಂತೂ ತಲೆಗೆ ಹತ್ತುವುದೇ ಇಲ್ಲ. ಎಲ್ಲಿಂದ ಶುರು ಮಾಡಲಿ?"

ನಾನು ಹುಬ್ಬಳ್ಳಿಯವಳು. ಇಲ್ಲಿ ನಾವೊಂದಿಷ್ಟು ಜನ ತಿಂಗಳಿಗೊಮ್ಮೆ ಸೇರಿ ಒಂದು ಪುಸ್ತಕದ ಬಗ್ಗೆ ಮಾತಾಡುತ್ತೇವೆ. ನಿಮ್ಮ ಪ್ರಶ್ನೆಯನ್ನು ಅಲ್ಲೂ ಇಟ್ಟೆ. ಎಲ್ಲರೂ ಹೇಳಿದ್ದನ್ನು, ನನಗೆ ಅನಿಸಿದ್ದನ್ನು ಸೇರಿಸಿ ಬರೆಯುತ್ತಿದ್ದೇನೆ.

ನನ್ನ ಮಾತು ಒಂದೇ. ನಿಮ್ಮ ಸೀಮೆಯ ಮಾತಿನಲ್ಲಿ ಬರೆದ ಸಣ್ಣಕತೆಯಿಂದ ಶುರು ಮಾಡಿ. ಪ್ರಶಸ್ತಿ ಪಟ್ಟಿ, ದಪ್ಪ ಕಾದಂಬರಿ ಎಲ್ಲ ಆಮೇಲೆ. ನಿಮಗೆ ಸ್ವಾಮಿ ಪೊನ್ನಾಚಿ ಅವರ 'ಧೂಪದ ಮಕ್ಕಳು' ಇದೆ. 2020ರ ಸಾಹಿತ್ಯ ಅಕಾಡೆಮಿ ಯುವ ಪುರಸ್ಕಾರ ಬಂದ ಸಂಕಲನ. ಮಾದಪ್ಪನ ಬೆಟ್ಟದ ಸೀಮೆಯ ಜನ, ಅಲ್ಲಿಯ ಮಾತು. ನಮ್ಮ ಉತ್ತರ ಕರ್ನಾಟಕದ ಕಿವಿಗೆ ಆ ಮಾತು ಮೊದಲು ಸ್ವಲ್ಪ ತಡವರಿಸಿತು. ಒಬ್ಬರು ಜೋರಾಗಿ ಓದಿದರು, ಉಳಿದವರು ಕೇಳಿದೆವು. ಆಗ ಎಲ್ಲ ಸಲೀಸಾಯಿತು. ನಿಮಗೆ ಆ ತೊಂದರೆಯೂ ಇರುವುದಿಲ್ಲ. ನಿಮ್ಮ ಅಜ್ಜಿ ಮಾತಾಡುವ ಕನ್ನಡ ಅಚ್ಚಾಗಿದೆ ಅಂತ ಖುಷಿಯಾಗುತ್ತದೆ, ನೋಡಿ.

ಬೇರೆ ಸೀಮೆಯವರೂ ಹೀಗೇ ಮಾಡಬಹುದು. ರಾಯಚೂರು ಕಡೆಯವರಿಗೆ ಅಮರೇಶ ನುಗಡೋಣಿ ಇದ್ದಾರೆ. ಕುಂದಾಪುರದವರಿಗೆ ವೈದೇಹಿ. ಕೊಪ್ಪಳದವರಿಗೆ ಮಂಜುನಾಯಕ ಚಳ್ಳೂರು, ಅವರ 'ಫೂ' ಸಂಕಲನ.

ಎರಡನೆಯದು ನೀವು ಈಗ ಇರುವ ಊರಿಗೆ ಹತ್ತಿರದ್ದು. ಪುಣೆಯಲ್ಲಿದ್ದೀರಿ ಅಂದಮೇಲೆ ಜಯಂತ ಕಾಯ್ಕಿಣಿಯವರ ಮುಂಬಯಿ ಕತೆಗಳನ್ನು ಬಿಡಲೇಬೇಡಿ. 2006ರ 'ಮುಂಗಾರು ಮಳೆ' ಹಾಡುಗಳಿಂದ ಅವರ ಹೆಸರು ಎಲ್ಲರಿಗೂ ಗೊತ್ತು. ಆದರೆ ಅವರ ಕತೆ ಓದಿದವರು ನಮ್ಮ ಬಳಗದಲ್ಲೇ ಕಡಿಮೆ ಇದ್ದರು. ಗೋಕರ್ಣದವರು, ಬಹಳ ವರ್ಷ ಮುಂಬಯಿಯಲ್ಲಿ ಕೆಲಸ ಮಾಡಿದವರು. ಲೋಕಲ್ ಟ್ರೇನು, ಬಾಡಿಗೆ ಖೋಲಿ, ಊರು ಬಿಟ್ಟು ಬಂದ ಹುಡುಗರು, ಎಲ್ಲರನ್ನೂ ಎಷ್ಟು ಪ್ರೀತಿಯಿಂದ ನೋಡುತ್ತಾರೆ! ಈ ಕತೆಗಳ ಇಂಗ್ಲಿಷ್ ಅನುವಾದಕ್ಕೇ 2018ರ ಸಾಲಿನ ಡಿಎಸ್‌ಸಿ ದಕ್ಷಿಣ ಏಷ್ಯಾ ಸಾಹಿತ್ಯ ಪ್ರಶಸ್ತಿ ಬಂತು. 'ತೂಫಾನ್ ಮೇಲ್' ಸಿಕ್ಕರೆ ಅದರಿಂದ ಶುರು ಮಾಡಿ.

ಆಮೇಲೆ ವಿವೇಕ ಶಾನಭಾಗರ 'ಘಾಚರ್ ಘೋಚರ್'. ಒಂದೇ ಸಲ ಕೂತು ಓದಿ ಮುಗಿಸುವಷ್ಟು ಚಿಕ್ಕದು. ಬೆಂಗಳೂರಿನ ಒಂದು ಮನೆಗೆ ಮಸಾಲೆ ವ್ಯಾಪಾರದಿಂದ ದಿಢೀರನೆ ದುಡ್ಡು ಬರುತ್ತದೆ, ಮನೆಮಂದಿ ಬದಲಾಗುತ್ತಾ ಹೋಗುತ್ತಾರೆ. ಓದಿ ಮುಗಿಸಿದ ಮೇಲೆ ನಮ್ಮ ಬಳಗದಲ್ಲಿ ಜಗಳವೇ ಆಯಿತು, ಕೊನೆಯಲ್ಲಿ ಏನಾಯಿತು ಅಂತ. ಇಂಥ ಜಗಳ ಹುಟ್ಟಿಸುವ ಪುಸ್ತಕ ನನಗೆ ಬಹಳ ಇಷ್ಟ.

ಬಾನು ಮುಷ್ತಾಕ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 2025ರ ಮೇ ತಿಂಗಳಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದಿದ್ದು ನಿಮಗೂ ಗೊತ್ತಿರುತ್ತದೆ. ಸಣ್ಣಕತೆಗಳ ಸಂಕಲನಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ದೀಪಾ ಭಾಸ್ತಿ ಆರಿಸಿ ಇಂಗ್ಲಿಷಿಗೆ ಅನುವಾದಿಸಿದ 12 ಕತೆಗಳು. ಸುದ್ದಿ ಬಂದ ಕೂಡಲೇ ನನ್ನ ಪರಿಚಯದ ಎಷ್ಟೋ ಕನ್ನಡಿಗರು ಇಂಗ್ಲಿಷ್ ಪುಸ್ತಕ ತರಿಸಿಕೊಂಡರು. ಅನುವಾದ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕನ್ನಡ ಓದಲು ಬರುವ ನಾವು ಕನ್ನಡದಲ್ಲೇ ಓದಬೇಕು ಅಲ್ವಾ? ಬಾನು ಹಾಸನದಲ್ಲಿ ವಕೀಲಿ ಮಾಡಿದವರು, ಬಂಡಾಯ ಸಾಹಿತ್ಯ ಚಳವಳಿಯ ಕಾಲದಿಂದ ಬರೆದವರು. ಮುಸ್ಲಿಂ ಮನೆಗಳ ಒಳಗಿನ ಮಾತು, ಹೆಣ್ಣುಮಕ್ಕಳ ಸಿಟ್ಟು, ನಗು, ಮೌಲ್ವಿಯ ಮುಂದೆ ನಿಂತು ಕೇಳುವ ಪ್ರಶ್ನೆ, ಇದನ್ನೆಲ್ಲ ನಮ್ಮ ನುಡಿಯಲ್ಲೇ ಕೇಳಿದರೆ ಅದರ ಪೆಟ್ಟು ಬೇರೆ. 'ಹಸೀನಾ ಮತ್ತು ಇತರ ಕತೆಗಳು' ಹುಡುಕಿ.

ನಮ್ಮ ಬಳಗದ ನಿವೃತ್ತ ಮೇಷ್ಟ್ರೊಬ್ಬರು ನನ್ನ ಸಣ್ಣಕತೆ ವಾದ ಒಪ್ಪಲಿಲ್ಲ. "ಕಾರಂತರನ್ನು ಓದಿದವರಿಗೆ ಕಾದಂಬರಿಯೇ ಬೇಕು, ಕತೆ ಹೊಟ್ಟೆ ತುಂಬಿಸಲ್ಲ" ಅಂದರು. ಅವರ ಆಯ್ಕೆ ವಸುಧೇಂದ್ರರ 'ತೇಜೋ-ತುಂಗಭದ್ರಾ', 2019ರದ್ದು. ಲಿಸ್ಬನ್ ಒಂದು ಕಡೆ, ವಿಜಯನಗರ ಇನ್ನೊಂದು ಕಡೆ, ನಡುವೆ ಸಮುದ್ರ ಮತ್ತು ಗೋವಾ. ದಪ್ಪ ಇದ್ದರೂ ಓಡಿಸಿಕೊಂಡು ಹೋಗುತ್ತದೆ. ಅವರ ಮಾತಿನಲ್ಲೂ ಹುರುಳಿದೆ. ನಿಮಗೆ ಸಮಯ ಇದ್ದರೆ, ರಜೆಗೆ ಊರಿಗೆ ಹೋಗುವಾಗ ಅದನ್ನು ಇಟ್ಟುಕೊಳ್ಳಿ. ವಸುಧೇಂದ್ರರ 'ಮೋಹನಸ್ವಾಮಿ' ಮಾತ್ರ ತಪ್ಪಿಸಬೇಡಿ. ಗಂಡಸನ್ನು ಪ್ರೀತಿಸುವ ಗಂಡಸಿನ ಬದುಕನ್ನು ಕನ್ನಡದಲ್ಲಿ ಅಷ್ಟು ನೇರವಾಗಿ ನಾನು ಅದಕ್ಕೆ ಮೊದಲು ಓದಿರಲಿಲ್ಲ.

ಈಗ ಕವನ. ಇಲ್ಲಿ ನಮ್ಮ ಶಾಲೆಯ ಅಭ್ಯಾಸ ಅಡ್ಡ ಬರುತ್ತದೆ. ಸಾರಾಂಶ ಬರೆಯಿರಿ ಅಂತ ಕೇಳಿಸಿಕೊಂಡೇ ಬೆಳೆದವರು ನಾವು. ಕವನ ಕಂಡ ಕೂಡಲೇ ಅರ್ಥ ಹುಡುಕುತ್ತೇವೆ. ಬಳಗದ ಗೆಳತಿಯೊಬ್ಬಳು ಆಸ್ಪತ್ರೆಯಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ ಬಂದು ಒಂದೇ ಒಂದು ಕವನ ಬಾಯಿಬಿಟ್ಟು ಓದುತ್ತಾಳೆ. ಹಿಡಿಸಿದರೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಾಳೆ, ಇಲ್ಲದಿದ್ದರೆ ಪುಟ ತಿರುಗಿಸುತ್ತಾಳೆ, ಅಷ್ಟೇ. ನಾನೂ ಅದನ್ನೇ ಮಾಡುತ್ತೇನೆ. ಆರಿಫ್ ರಾಜಾ ಅವರ 'ಜಂಗಮ ಫಕೀರನ ಜೋಳಿಗೆ' ಹೀಗೆ ಓದಿದ್ದು. ಪ್ರತಿಭಾ ನಂದಕುಮಾರ್ ಕವನಗಳು ಎದುರಿಗೆ ಕೂತು ಮಾತಾಡಿದ ಹಾಗೆ ಇರುತ್ತವೆ, ಮೊದಲ ಸಲ ಓದುವವರಿಗೂ ಸಿಗುತ್ತವೆ. ಶ್ರುತಿ ಬಿ.ಆರ್. ಅವರ 'ಜೀರೋ ಬ್ಯಾಲೆನ್ಸ್' ಕೂಡ ನೋಡಿ.

ಕತೆ-ಕವನ ಬಿಟ್ಟು ಬೇರೆ ಬೇಕೆಂದರೆ ಸಿದ್ದಲಿಂಗಯ್ಯನವರ ಆತ್ಮಕತೆ 'ಊರುಕೇರಿ'. ದಲಿತ ಕೇರಿಯ ಹಸಿವು, ಅವಮಾನ ಎಲ್ಲವನ್ನೂ ನಗಿಸುತ್ತಲೇ ಹೇಳುತ್ತಾರೆ, ನಗುತ್ತಾ ಇರುವಾಗಲೇ ಗಂಟಲು ಕಟ್ಟುತ್ತದೆ. ಪ್ರವಾಸ ಇಷ್ಟವಾದರೆ ನೇಮಿಚಂದ್ರ ಅವರ 'ಪೆರುವಿನ ಪವಿತ್ರ ಕಣಿವೆಯಲ್ಲಿ'. ತೇಜಸ್ವಿಯವರ ಪರಿಸರದ ಬರಹ ಹಿಡಿಸಿದ್ದರೆ ನಾಗೇಶ ಹೆಗಡೆ.

ಪುಸ್ತಕ ಎಲ್ಲಿ ಸಿಗುತ್ತದೆ ಅನ್ನುವುದೂ ದೊಡ್ಡ ಪ್ರಶ್ನೆಯೇ. ಕನ್ನಡದಲ್ಲಿ ಹೆಚ್ಚಿನ ಪುಸ್ತಕಗಳು ಒಂದು ಸಲಕ್ಕೆ ಸಾವಿರ ಪ್ರತಿಯೋ, ಅದಕ್ಕೂ ಕಡಿಮೆಯೋ ಅಚ್ಚಾಗುತ್ತವೆ. ಮುಗಿದ ಮೇಲೆ ಮರುಮುದ್ರಣ ಯಾವಾಗ ಅಂತ ಹೇಳಲು ಬರುವುದಿಲ್ಲ. ಬೇಕಾದ್ದು ಕಂಡರೆ ಆಗಲೇ ಕೊಂಡುಬಿಡಿ. ಪ್ರಕಾಶಕರಿಗೇ ಫೋನ್ ಮಾಡಿದರೆ ಅಂಚೆಯಲ್ಲಿ ಪುಣೆಗೂ ಕಳಿಸುತ್ತಾರೆ. ಬಾನು ಅವರ ಪುಸ್ತಕ ಅಂಗಡಿಯಲ್ಲಿ ಇಲ್ಲದಾಗ ನಮ್ಮಲ್ಲೊಬ್ಬರು ಹಾಗೇ ತರಿಸಿಕೊಂಡರು. ಮೈಲ್ಯಾಂಗ್ ಆ್ಯಪ್‌ನಲ್ಲಿ ಇ-ಪುಸ್ತಕ, ಆಡಿಯೋ ಪುಸ್ತಕ ಎರಡೂ ಇವೆ. ಬಸ್ಸಿನಲ್ಲಿ ದಿನಾ ಧಾರವಾಡಕ್ಕೆ ಓಡಾಡುವ ನಮ್ಮ ಗೆಳೆಯನ ಓದೆಲ್ಲ ಕಿವಿಯಲ್ಲೇ ನಡೆಯುತ್ತದೆ. ಊರಿಗೆ ಹೋದಾಗ ಸರ್ಕಾರಿ ಗ್ರಂಥಾಲಯಕ್ಕೂ ಹೋಗಿ ಬನ್ನಿ. ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುವವರು ನಾವೇ, ಅಲ್ಲಿನ ಪುಸ್ತಕ ನಮ್ಮದೇ.

ಇಪ್ಪತ್ತು ಪುಟಕ್ಕೆ ನಿಂತರೆ ಬೇಜಾರು ಮಾಡಿಕೊಳ್ಳಬೇಡಿ. ಆ ಪುಸ್ತಕ ಪಕ್ಕಕ್ಕಿಟ್ಟು ಇನ್ನೊಂದು ಕತೆ ತೆಗೆಯಿರಿ. ಮೊದಲು 'ಧೂಪದ ಮಕ್ಕಳು' ತರಿಸಿ. ಅದರಲ್ಲಿ ನಮಗೆ ಅರ್ಥವಾಗದ ಕೆಲವು ಮಾತುಗಳಿವೆ, ಓದಿದ ಮೇಲೆ ನಿಮ್ಮ ಹತ್ತಿರವೇ ಕೇಳುತ್ತೇವೆ. ಕೊಳ್ಳೇಗಾಲದ ಬೇರೆ ಯಾರಾದರೂ ಓದಿದ್ದರೆ ಅವರೂ ಹೇಳಿ.