ಗವರ್ನರ್ 'ಪವರ್‌ಸೇವ್' ಅಂತಿದೆ, ಆದರೂ ಸಿಪಿಯು 3.4 ಗಿಗಾಹರ್ಟ್ಸ್‌ಗೆ ಏರುತ್ತದೆ, ಯಾಕೆ?

ಪ್ರಶ್ನೆ:
ಇಂಟೆಲ್ ಲ್ಯಾಪ್‌ಟಾಪ್, ಲಿನಕ್ಸ್ ಕರ್ನಲ್ 6.1. ರಾತ್ರಿ ಮಗು ಮಲಗಿದ ಮೇಲೆ ಅದೇ ಕೋಣೆಯಲ್ಲಿ ಕೂತು ಕೋಡ್ ಕಂಪೈಲ್ ಮಾಡುತ್ತೇನೆ. ಫ್ಯಾನ್ ಜೋರಾದರೆ ಮಗು ಎದ್ದುಬಿಡುತ್ತದೆ. ಸ್ಪೀಡ್ ಇಳಿಸೋಣ ಅಂತ ಸ್ಕೇಲಿಂಗ್_ಗವರ್ನರ್ ಫೈಲ್ ನೋಡಿದೆ. (ಗವರ್ನರ್ ಅಂದರೆ ಸಿಪಿಯು ಎಷ್ಟು ವೇಗದಲ್ಲಿ ಓಡಬೇಕು ಅಂತ ನಿರ್ಧರಿಸುವ ಕರ್ನಲ್‌ನ ನಿಯಮ.) ಆಗಲೇ 'ಪವರ್‌ಸೇವ್' ಅಂತಿದೆ! ಅದು ಕನಿಷ್ಠ ಫ್ರೀಕ್ವೆನ್ಸಿಯಲ್ಲೇ ನಿಲ್ಲಬೇಕಲ್ವಾ? ಇನ್ನೊಂದು ಗವರ್ನರ್ ಆದ 'ಶೆಡ್‌ಯುಟಿಲ್' ಬರೆಯಲು ಹೋದರೆ 'ಇನ್‌ವ್ಯಾಲಿಡ್ ಆರ್ಗ್ಯುಮೆಂಟ್' ಅನ್ನುತ್ತದೆ. ಎರಡು ರಾತ್ರಿ ಇದರಲ್ಲೇ ಹೋಯಿತು.

ಉತ್ತರ 1:
ಸಿಪಿಯು ವೇಗವನ್ನು ಯಾವ ಡ್ರೈವರ್ ಬದಲಿಸುತ್ತದೆ ಅಂತ ಹೇಳುವ ಸ್ಕೇಲಿಂಗ್_ಡ್ರೈವರ್ ಫೈಲಿನಲ್ಲಿ ಏನಿದೆ?

ಕೇಳಿದವರು:
ಇಂಟೆಲ್_ಪಿಸ್ಟೇಟ್.

ಉತ್ತರ 1:
ಹಾಗಾದರೆ ಹೆಸರೇ ನಿಮ್ಮನ್ನು ದಾರಿ ತಪ್ಪಿಸಿದೆ. ಈ ಡ್ರೈವರ್ ಆಕ್ಟಿವ್ ಮೋಡ್‌ನಲ್ಲಿದ್ದಾಗ (ಅಂದರೆ ವೇಗವನ್ನು ತಾನೇ ನಿರ್ಧರಿಸುವಾಗ) ಇರುವುದು ಎರಡೇ ಆಯ್ಕೆ: ಪರ್ಫಾರ್ಮೆನ್ಸ್, ಪವರ್‌ಸೇವ್. ಇಲ್ಲಿನ ಪವರ್‌ಸೇವ್ ಕೆಲಸ ಬಂದಂತೆ ಏರಿಳಿಯುತ್ತದೆ. ನೀವು ಓದಿದ್ದು ಸಿಪಿಯುಫ್ರೀಕ್‌ನ (ಕರ್ನಲ್‌ನ ಸಿಪಿಯು ವೇಗ ನಿಯಂತ್ರಣ ವ್ಯವಸ್ಥೆಯ) ಸಾಮಾನ್ಯ ಪವರ್‌ಸೇವ್ ಗವರ್ನರ್ ಬಗ್ಗೆ, ಅದು ನಿಜವಾಗಿಯೂ ಕೆಳಗೇ ನಿಲ್ಲುತ್ತದೆ. ಇಂಟೆಲ್_ಪಿಸ್ಟೇಟ್ ಡೈರೆಕ್ಟರಿಯ 'ಸ್ಟೇಟಸ್' ಫೈಲಿಗೆ 'ಪ್ಯಾಸಿವ್' ಬರೆದರೆ ಶೆಡ್‌ಯುಟಿಲ್ ಸಿಗುತ್ತದೆ.

ಉತ್ತರ 2:
ಸಿಗುತ್ತದೆ, ಆದರೆ ಅದರಿಂದ ಮಗುವಿನ ನಿದ್ದೆ ಉಳಿಯುವುದಿಲ್ಲ. 2016ರಲ್ಲಿ ಕರ್ನಲ್ 4.7ಕ್ಕೆ ಬಂದ ಶೆಡ್‌ಯುಟಿಲ್, ಶೆಡ್ಯೂಲರ್ (ಕೋರ್‌ಗಳಿಗೆ ಕೆಲಸ ಹಂಚುವ ಕರ್ನಲ್ ಭಾಗ) ಹೇಳಿದ ಲೋಡ್ ನೋಡಿ, ಅದರ ಮೇಲೆ ಕಾಲು ಭಾಗ ಜಾಸ್ತಿ ಸೇರಿಸಿ ಫ್ರೀಕ್ವೆನ್ಸಿ ಕೇಳುತ್ತದೆ. ಕಂಪೈಲ್ ಅಂದರೆ ಎಲ್ಲ ಕೋರ್‌ಗಳಲ್ಲೂ ಪೂರ್ತಿ ಲೋಡ್. ಅದೂ ಮೇಲಕ್ಕೇ ಹೋಗುತ್ತದೆ. ನಿಮಗೆ ಬೇಕಿರುವುದು ಮಿತಿ.

ಫ್ರೀಕ್ವೆನ್ಸಿ ಏರಿಸಲು ವೋಲ್ಟೇಜ್ ಕೂಡ ಏರಿಸಬೇಕು. ವಿದ್ಯುತ್ ಖರ್ಚು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಅಂದರೆ ಅತಿ ಹೆಚ್ಚು ಬಿಸಿ ಹುಟ್ಟುವುದು ಕೊನೆಯ ಕೆಲವು ನೂರು ಮೆಗಾಹರ್ಟ್ಸ್‌ಗಳಲ್ಲಿ. ಅಷ್ಟನ್ನು ಬಿಟ್ಟುಕೊಡಿ. ಇಂಟೆಲ್_ಪಿಸ್ಟೇಟ್ ಡೈರೆಕ್ಟರಿಯಲ್ಲಿ ನೋ_ಟರ್ಬೋ ಫೈಲಿಗೆ 1 ಬರೆಯಿರಿ, ಮೂಲ ವೇಗಕ್ಕಿಂತ ಮೇಲೆ ಏರುವ ಟರ್ಬೋ ನಿಲ್ಲುತ್ತದೆ. ತೀರಾ ನಿಧಾನ ಅನಿಸಿದರೆ ಅದನ್ನು 0 ಮಾಡಿ, ಮ್ಯಾಕ್ಸ್_ಪರ್ಫ್_ಪಿಸಿಟಿ ಫೈಲಿನಲ್ಲಿ ಶೇಕಡಾವಾರು ಮಿತಿ ಹಾಕಿ.

ಕೇಳಿದವರು:
ನಾನು ಮೊದಲು ಸಿಪಿಯು0ದ ಸ್ಕೇಲಿಂಗ್_ಮ್ಯಾಕ್ಸ್_ಫ್ರೀಕ್‌ಗೆ 2000000 ಬರೆದು, ಏನೂ ಆಗಲಿಲ್ಲ ಅಂದುಕೊಂಡಿದ್ದೆ. ಆ ಮಿತಿ ಅದೊಂದಕ್ಕೇ, ಉಳಿದ ಏಳು ಸಿಪಿಯುಗಳು ಮಿತಿಯಿಲ್ಲದೆ ಓಡುತ್ತಿದ್ದವು!

ನೋ_ಟರ್ಬೋ ಹಾಕಿದರೆ 11 ನಿಮಿಷದ ಬಿಲ್ಡ್ 19 ನಿಮಿಷವಾಯಿತು. ಮ್ಯಾಕ್ಸ್_ಪರ್ಫ್_ಪಿಸಿಟಿ 70ಕ್ಕೆ ಇಟ್ಟೆ, 14 ನಿಮಿಷ. ಫ್ಯಾನ್ ಮೆಲ್ಲಗೆ ತಿರುಗುತ್ತದೆ, ಅಷ್ಟೆ. ಮಗು ಎದ್ದಿಲ್ಲ. ನಿಮ್ಮಿಬ್ಬರಿಗೂ ತುಂಬಾ ಥ್ಯಾಂಕ್ಸ್. ರೀಬೂಟ್ ಆದ ಮೇಲೂ ಇದು ಉಳಿಯುತ್ತದಾ?

ಉತ್ತರ 2:
ಇಲ್ಲ. ಬೂಟ್ ಆಗುವಾಗ ಓಡುವ ಒಂದು ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಶುರುಮಾಡುವ ಪ್ರೋಗ್ರಾಂ) ಸರ್ವಿಸ್ ಮಾಡಿ, ಮ್ಯಾಕ್ಸ್_ಪರ್ಫ್_ಪಿಸಿಟಿಗೆ 70 ಬರೆಯುವ ಆ ಒಂದು ಸಾಲು ಅದರಲ್ಲಿ ಹಾಕಿಡಿ.