ತಬ್ಬಲಿ ಮರಿಯಾನೆ ಸಾಕುವುದು: ಅಕ್ಕರೆಯೋ, ಸೆರೆಯೋ?

ಕಾಡಂಚು: 'ದಿ ಎಲಿಫೆಂಟ್ ವಿಸ್ಪರರ್ಸ್' ಸಾಕ್ಷ್ಯಚಿತ್ರ 2023ರಲ್ಲಿ ಆಸ್ಕರ್ ಗೆದ್ದಾಗಿನಿಂದ ನೋಡಿದವರು ಎರಡು ಪಾಲಾಗಿದ್ದಾರೆ. ತಮಿಳುನಾಡಿನ ಮುದುಮಲೆಯ ತೆಪ್ಪಕಾಡು ಆನೆ ಶಿಬಿರದಲ್ಲಿ ಬೊಮ್ಮನ್, ಬೆಳ್ಳಿ ದಂಪತಿ ರಘು, ಅಮ್ಮು ಎಂಬ ತಬ್ಬಲಿ ಮರಿಗಳನ್ನು ಸಾಕಿದ್ದು ಕಂಡು ಕೆಲವರು ಅತ್ತರು. ಇನ್ನು ಕೆಲವರದು ಒಂದೇ ಮಾತು: ಇದು ಸೆರೆಗೆ ಬಣ್ಣ ಬಳಿಯುವ ಚಿತ್ರ, ಆ ನಂಟು ಬರೀ ನಾಟಕ, ಮರಿಗಳನ್ನು ಕಾಡಿಗೆ ಬಿಡಬೇಕಿತ್ತು. ಕೀನ್ಯಾದಲ್ಲಿ ಬಿಡುತ್ತಾರಲ್ಲ, ಇಲ್ಲೇಕಾಗದು?

ಬಿದಿರುಮೆಳೆ: ಬಿಡುವ ಪ್ರಯತ್ನ ಮೊದಲ ಒಂದೆರಡು ದಿನದಲ್ಲೇ ಆಗಬೇಕು. ಮರಿ ಸಿಕ್ಕ ಕೂಡಲೇ ಜನರನ್ನು ದೂರ ಕಳಿಸಿ, ಮೈಗೆ ಅಲ್ಲಿನದೇ ಕೆಸರು, ಆನೆ ಲದ್ದಿ ಸವರಿ ಮನುಷ್ಯರ ವಾಸನೆ ಮರೆಸುತ್ತಾರೆ. ಹಿಂಡಿನ ಜಾಡು ಹಿಡಿದು, ಅದು ಹಾಯುವ ದಾರಿಯಲ್ಲಿ ಬಿಟ್ಟು ದೂರದಿಂದ ಕಾಯಬೇಕು. ಸೆಲ್ಫಿಗೆ ಜನ ಮುಗಿಬಿದ್ದರೆ ತಾಯಿ ಹತ್ತಿರ ಸುಳಿಯುವುದಿಲ್ಲ. ತಾಯಿಯೇ ಸತ್ತಿದ್ದರೆ ಹಿಂಡಿನ ಬೇರೆ ಹೆಣ್ಣಾನೆ ಹಾಲು ಕೊಡುತ್ತದೆಂಬ ಖಾತ್ರಿಯಿಲ್ಲ. ರಘುವಿನ ತಾಯಿ ಸತ್ತದ್ದು ವಿದ್ಯುತ್ ತಗುಲಿ.

ಹೊಳೆಸಾಲು: ಆಮೇಲಿನದು ಹಾಲಿನ ಪ್ರಶ್ನೆ. ಹುಟ್ಟಿದ ಮರಿ ಸುಮಾರು 100 ಕೆ.ಜಿ. ಇರುತ್ತದೆ, ದಿನಕ್ಕೆ ಹತ್ತು ಹನ್ನೆರಡು ಲೀಟರ್ ಕುಡಿಯುತ್ತದೆ. ಹಸುವಿನ ಹಾಲಿನ ಕೊಬ್ಬು ಅದಕ್ಕೆ ಅರಗದು. ಭೇದಿ ಹತ್ತಿದರೆ ನೀರಿನಂಶ ಇಳಿದು ಬೇಗ ಸಾಯುತ್ತದೆ. ಅದಕ್ಕೇ ಕುದಿಸಿ ಆರಿಸಿದ ಬೆಚ್ಚನೆ ನೀರಿಗೆ ಮನುಷ್ಯರ ಮಗುವಿಗೆ ಕೊಡುವ ಹಾಲಿನ ಪುಡಿ ಕಲಸಿ, ಕೊಬ್ಬಿಗೆ ತೆಂಗಿನ ಹಾಲೋ ಎಣ್ಣೆಯೋ ಸೇರಿಸಿ, ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಕುಡಿಸಬೇಕು. ಮರಿ ಹಾಲು ಕುಡಿಯುವುದು ಬಾಯಿಂದ, ಸೊಂಡಿಲಿನಿಂದಲ್ಲ. ಹಾಗಾಗಿ ಅದು ನಿಂತು, ಸೊಂಡಿಲು ಮೇಲೆತ್ತಿ ಹೀರುವಂತೆ ಬಾಟಲಿ ಹಿಡಿಯಬೇಕು. ನಿಪ್ಪಲ್ಲಿನ ತೂತು ದೊಡ್ಡದಾದರೆ ಹಾಲು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗುತ್ತದೆ. ಕಾಡಲ್ಲಿ ಮರಿ ತಾಯಿಯ ಲದ್ದಿ ತಿಂದು ಹೊಟ್ಟೆಗೆ ಬೇಕಾದ ಬ್ಯಾಕ್ಟೀರಿಯಾ ಪಡೆಯುತ್ತದೆ. ಶಿಬಿರದಲ್ಲಿ ಆರೋಗ್ಯವಂತ ಆನೆಯ ತಾಜಾ ಲದ್ದಿ ಎದುರಿಗಿಡುತ್ತಾರೆ. ಇಷ್ಟೆಲ್ಲ ಆದರೂ ಆನೆಗಳಿಗೆ ತಗಲುವ ಹರ್ಪಿಸ್ ಎಂಬ ವೈರಸ್ಸಿನ ಭಯ ಎಂಟು ಹತ್ತು ವರ್ಷದವರೆಗೆ ತಪ್ಪದು. ತಲೆ ಊದಿ ನಾಲಿಗೆ ನೀಲಿಗಟ್ಟಿತೆಂದರೆ ಒಂದೆರಡು ದಿನದಲ್ಲೇ ಪ್ರಾಣ ಹೋಗಬಹುದು.

ಪಕ್ಕದಲ್ಲೇ ಮಲಗುವವರಿಲ್ಲದೆ ಇದಾವುದೂ ನಡೆಯುವುದಿಲ್ಲ. ನಂಟು ಬೆಳೆಯುವುದು ಅಲ್ಲಿಂದ. ಅದನ್ನು ನಾಟಕವೆನ್ನುವವರ ಮಾತು ನಾನು ಒಪ್ಪುವುದಿಲ್ಲ.

ಮಲೆಸೀಮೆ: ತಬ್ಬಲಿ ಆನೆಮರಿಗಳನ್ನು ಸಾಕುವ ಕೀನ್ಯಾದ ಶೆಲ್ಡ್ರಿಕ್ ಟ್ರಸ್ಟಿನಲ್ಲಿ ಮರಿಯ ಜೊತೆ ಮಲಗುವವರನ್ನು ರಾತ್ರಿಯಿಂದ ರಾತ್ರಿಗೆ ಬದಲಿಸುತ್ತಾರೆ, ಒಬ್ಬರಿಗೇ ಅಂಟಿಕೊಳ್ಳಬಾರದೆಂದು. ದೊಡ್ಡದಾದ ಮೇಲೆ ಅಲ್ಲಿನ ತ್ಸಾವೊ ರಾಷ್ಟ್ರೀಯ ಉದ್ಯಾನದಲ್ಲಿ, ಹಿಂದೆ ಬಿಟ್ಟ ತಬ್ಬಲಿ ಆನೆಗಳ ಜೊತೆ ವರ್ಷಗಟ್ಟಲೆ ಬೆರೆಸಿ ಬಿಡುತ್ತಾರೆ. ಪೂರ್ವ ತ್ಸಾವೊ ಒಂದೇ 13,000 ಚದರ ಕಿ.ಮೀ. ಮೀರಿದೆ. ಮುದುಮಲೆ ಹುಲಿ ಮೀಸಲು ಪ್ರದೇಶ ಬರೀ 688 ಚದರ ಕಿ.ಮೀ. ಸುತ್ತ ತೋಟ, ಊರು. ಮನುಷ್ಯರ ಹೆದರಿಕೆಯೇ ಇಲ್ಲದ ಗಂಡಾನೆ ಮದ ಬಂದಾಗ ಊರಿಗೆ ನುಗ್ಗಿದರೆ ಕಾಡಾನೆಗಿಂತ ಅಪಾಯ.

ಆದರೆ ಟೀಕಿಸುವವರ ಒಂದು ಮಾತು ಸರಿ. ಚಿತ್ರದಲ್ಲೇ ರಘುವನ್ನು ಬೇರೆ ಮಾವುತನಿಗೆ ಒಪ್ಪಿಸುತ್ತಾರೆ. ಅಷ್ಟು ಹಚ್ಚಿಕೊಂಡ ಮರಿಗೆ ಅದು ಎರಡನೇ ಸಲ ತಬ್ಬಲಿಯಾದ ಹಾಗೆ. ಬದಲಿಸಲೇಬೇಕಿದ್ದರೆ ಹೊಸಬರು ತಿಂಗಳುಗಟ್ಟಲೆ ಹಳಬರ ಜೊತೆಗೇ ಹಾಲೂಡಿಸಿ, ಹೊಳೆಗೆ ಕರೆದೊಯ್ದು ಮೈ ತೊಳೆದು ಪಳಗಬೇಕು.

ಕಾಡಂಚು: ಶಿಬಿರಕ್ಕೆ ಹೋಗುವವರು ಮರಿಗೆ ಬಾಳೆಹಣ್ಣು ಕೊಡಬಹುದೇ?

ಹೊಳೆಸಾಲು: ಬೇಡ. ಹಾಲಿನ ಮರಿಗೆ ಭೇದಿಯಾಗುತ್ತದೆ, ಕೈಯಿಂದ ಸೋಂಕೂ ತಗುಲಬಹುದು. ಮುಟ್ಟದೆ, ಮಾವುತರು ಹೇಳಿದಷ್ಟು ದೂರದಲ್ಲೇ ನಿಲ್ಲಿ.